ಎಲ್ಇಡಿ ದೀಪದ ಬೆಳಕಿನಲ್ಲಿ ಡೇಟಾ: ಮನೆ ಬಲ್ಬಿನಿಂದ ಇಂಟರ್ನೆಟ್ ನಿಜಕ್ಕೂ ಬರುತ್ತಾ?

ತುಮಕೂರು ಇಸಿಇ:

ಎಲ್ಲರಿಗೂ ನಮಸ್ಕಾರ. ನಾನು ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ನಮ್ಮ ಗುಂಪು ಪ್ರಾಜೆಕ್ಟಿಗೆ ಲೈಫೈ ತೆಗೆದುಕೊಂಡಿದೆ. ಅಂದರೆ ಎಲ್ಇಡಿ ದೀಪವನ್ನು ಕಣ್ಣಿಗೆ ಗೊತ್ತಾಗದಷ್ಟು ಬೇಗ ಮಿನುಗಿಸಿ, ಆ ಬೆಳಕಿನಲ್ಲೇ ಡೇಟಾ ಕಳಿಸುವುದು. ವೀಡಿಯೊಗಳಲ್ಲಿ ಎಲ್ಲರೂ ‘ವೈಫೈಗಿಂತ 100 ಪಟ್ಟು ವೇಗ’ ಅನ್ನುತ್ತಾರೆ. ಆದರೆ ಅದೇ ವೀಡಿಯೊಗಳಲ್ಲಿ ಮಾಡಿ ತೋರಿಸುವುದು ಪುಟ್ಟ ಎಲ್‌ಸಿಡಿ ಪರದೆ ಮೇಲೆ ‘ಹಲೋ’ ಅನ್ನುವ ಒಂದು ಸಾಲು. ಈ ಎರಡರ ಮಧ್ಯೆ ಏನಿದೆ ಅಂತ ನನಗೆ ತಿಳಿಯಬೇಕು.

ಮನೆಯ 9 ವ್ಯಾಟ್ ಬಲ್ಬನ್ನೇ ಬಳಸಬಹುದಾ? ರಿಸೀವರ್ ಕಡೆ ಎಲ್‌ಡಿಆರ್, ಅಂದರೆ ಬೆಳಕು ಬಿದ್ದಂತೆ ರೆಸಿಸ್ಟೆನ್ಸ್ ಬದಲಾಗುವ ಸೆನ್ಸರ್, ಸಾಕಾ? ಇದು ಎಲ್ಲಾದರೂ ನಿಜವಾದ ಬಳಕೆಯಲ್ಲಿ ಇದೆಯಾ, ಇಲ್ಲ ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಮಾತ್ರ ಇದೆಯಾ?

ಪೀಣ್ಯ ಡ್ರೈವರ್:

ಬಲ್ಬಿನ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಅದು ಜೀವಕ್ಕೆ ಸಂಬಂಧಿಸಿದ್ದು. ಮನೆ ಬಲ್ಬ್ ಬಿಚ್ಚಿ ಕೆಲಸ ಮಾಡಬೇಡಿ. ಎಲ್ಇಡಿ ಡ್ರೈವರ್ ಡಿಸೈನ್ ಮಾಡುವುದು ನನ್ನ ವೃತ್ತಿ. ಅಂಗಡಿಯ ಅಗ್ಗದ ಬಲ್ಬುಗಳಲ್ಲಿ ಕರೆಂಟ್ ಲೈನನ್ನು ಎಲ್ಇಡಿ ಪ್ಲೇಟಿನಿಂದ ಬೇರೆ ಮಾಡುವ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಈಗ ಡಿಒಬಿ ಅಂತ ಬರುತ್ತದಲ್ಲ, ಡ್ರೈವರ್ ಚಿಪ್ ಮತ್ತು ಎಲ್ಇಡಿ ಒಂದೇ ಪ್ಲೇಟಿನ ಮೇಲೆ, ಅದರಲ್ಲಂತೂ ಬಿಚ್ಚಿದ ಪ್ಲೇಟಿನ ತಾಮ್ರ ಮುಟ್ಟಿದರೆ 230 ವೋಲ್ಟ್ ಲೈನ್ ಮುಟ್ಟಿದ ಹಾಗೆಯೇ. ಅದಕ್ಕೆ ಆರ್ಡುಯಿನೋ, ಅಂದರೆ ಪ್ರೋಗ್ರಾಂ ಮಾಡುವ ಪುಟ್ಟ ಬೋರ್ಡ್, ಜೋಡಿಸಿ, ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಲ್ಯಾಪ್‌ಟಾಪೂ ಲೈನಿಗೆ ಸೇರಿದಂತೆ.

ಬಿಚ್ಚದೆ ಹೊರಗಿನಿಂದಲೇ ಮಿನುಗಿಸೋಣ ಅಂದರೆ ಅದೂ ಆಗುವುದಿಲ್ಲ. ಒಳ್ಳೆಯ ಬಲ್ಬಿನೊಳಗೆ ಒಂದು ಕೆಪಾಸಿಟರ್ ಇದೆ. ನಮ್ಮದು 50 ಹರ್ಟ್ಜ್ ಕರೆಂಟ್. ಬೆಳಕು ಸೆಕೆಂಡಿಗೆ 100 ಸಲ ಏರಿಳಿಯಲು ಹೋಗುತ್ತದೆ. ಅದನ್ನು ಸಮ ಮಾಡುವುದೇ ಆ ಕೆಪಾಸಿಟರಿನ ಕೆಲಸ. ನಿಮ್ಮ ಡೇಟಾವನ್ನೂ ಅದು ಹಾಗೆಯೇ ನುಂಗಿಬಿಡುತ್ತದೆ.

ಆದ್ದರಿಂದ 12 ವೋಲ್ಟ್ ಅಡಾಪ್ಟರ್, ಒಂದು ತುಂಡು ಬಿಳಿ ಎಲ್ಇಡಿ ಸ್ಟ್ರಿಪ್, ಕೆಳಗೆ ಒಂದು ಲಾಜಿಕ್ ಲೆವೆಲ್ ಮಾಸ್‌ಫೆಟ್, ಅಂದರೆ ಆರ್ಡುಯಿನೋದ ಸಣ್ಣ ವೋಲ್ಟೇಜಿಗೇ ಕೆಲಸ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್. ಐಆರ್‌ಎಲ್‌ಝಡ್44ಎನ್ ಸಾಕು. ಸ್ಟ್ರಿಪ್ಪಿನಲ್ಲಿ ಮೂರು ಎಲ್ಇಡಿಗೆ ಒಂದು ರೆಸಿಸ್ಟರ್ ಅಷ್ಟೇ ಇರುತ್ತದೆ, ಬೆಳಕನ್ನು ಸಮ ಮಾಡುವ ಕೆಪಾಸಿಟರ್ ಇಲ್ಲ. ಹಾಗಾಗಿ ನೀವು ಹೇಳಿದಂತೆ ಆರುತ್ತದೆ, ಹೇಳಿದಂತೆ ಹತ್ತುತ್ತದೆ.

ಎಸ್‌ಪಿ ರೋಡ್ ಗಿರಾಕಿ:

ಎಲ್‌ಡಿಆರ್ ಕೈಬಿಡಿ. ಕತ್ತಲಾದಾಗ ಬೀದಿ ದೀಪ ಹತ್ತಿಸಲು ಅದು ಚೆನ್ನ. ಬೆಳಕು ಬದಲಾದದ್ದು ಅದಕ್ಕೆ ಪೂರ್ತಿ ತಿಳಿಯಲು ಹತ್ತಾರು ಮಿಲಿಸೆಕೆಂಡ್ ಬೇಕು. ಸೆಕೆಂಡಿಗೆ ಹತ್ತಿಪ್ಪತ್ತು ಬಿಟ್ ದಾಟಲು ಒದ್ದಾಡುತ್ತದೆ.

ಬಿಪಿಡಬ್ಲ್ಯೂ34 ಅಂತ ಕೇಳಿ. ಚೌಕಾಕಾರದ ಪುಟ್ಟ ಫೋಟೋಡಯೋಡ್. ಅದರ ಬೆಳಕು ಹಿಡಿಯುವ ಮೈ 7 ಚದರ ಮಿಲಿಮೀಟರ್ ಚಿಲ್ಲರೆ. ಸರಿಯಾಗಿ ಬಯಾಸ್, ಅಂದರೆ ಹೊರಗಿನಿಂದ ಒಂದು ಸ್ಥಿರ ವೋಲ್ಟೇಜ್, ಕೊಟ್ಟರೆ 100 ನ್ಯಾನೋಸೆಕೆಂಡಿನಲ್ಲಿ ಪ್ರತಿಕ್ರಿಯೆ ಕೊಡುತ್ತದೆ. ಎಲ್‌ಡಿಆರ್‌ಗಿಂತ ಲಕ್ಷ ಪಟ್ಟು ಚುರುಕು ಅಂದುಕೊಳ್ಳಿ. ಬೆಂಗಳೂರಿಗೆ ಬಂದರೆ ಎಸ್‌ಪಿ ರೋಡಿನಲ್ಲಿ ಹುಡುಕಿ, ಇಲ್ಲದಿದ್ದರೆ ಆನ್‌ಲೈನ್. ಅಂಗಡಿಯವರು ಹೆಚ್ಚು ಕಡಿಮೆ ಅದೇ ಅಂತ ಕಪ್ಪು ಬಣ್ಣದ ಐಆರ್ ಡಯೋಡ್ ಕೊಟ್ಟರೆ ತೆಗೆದುಕೊಳ್ಳಬೇಡಿ. ಆ ಕಪ್ಪು ಪ್ಲಾಸ್ಟಿಕ್ ಕಾಣುವ ಬೆಳಕನ್ನು ತಡೆಯಲೆಂದೇ ಇರುವುದು.

ಡಯೋಡಿನಿಂದ ಬರುವ ಕರೆಂಟು ತೀರಾ ಸಣ್ಣದು. ಅದನ್ನು ವೋಲ್ಟೇಜ್ ಮಾಡಲು ಆಪ್-ಆಂಪ್ ಬೇಕು. ಎಲ್ಲರ ಕೈಯಲ್ಲೂ ಎಲ್‌ಎಂ358 ಇರುತ್ತದೆ, ಆದರೆ ಅದು ನಿಧಾನ. ಟಿಎಲ್072 ಹಾಕಿ. ಅದರ ಹಿಂದೆ ಎಲ್‌ಎಂ393 ಕಂಪ್ಯಾರೇಟರ್, ಸಿಗ್ನಲ್ ಮೇಲಿದೆಯೋ ಕೆಳಗಿದೆಯೋ ಅಂತ ನೋಡಿ ಒಂದೋ ಸೊನ್ನೆಯೋ ಕೊಡುವ ಚಿಪ್.

ಟವರ್ ಕೆಲಸ:

ನಾನು ಮೊಬೈಲ್ ನೆಟ್‌ವರ್ಕ್ ಪ್ಲಾನಿಂಗ್ ಮಾಡುವವನು. ಉತ್ಸಾಹಕ್ಕೆ ತಣ್ಣೀರು ಎರಚುವ ಮನಸ್ಸಿಲ್ಲ, ಆದರೂ ಲೆಕ್ಕ ಹೇಳಲೇಬೇಕು.

ಖಾಲಿ ಜಾಗದಲ್ಲಿ ರೇಡಿಯೊ ದೂರ ಎರಡು ಪಟ್ಟಾದರೆ ಸಿಗ್ನಲ್ ಶಕ್ತಿ ನಾಲ್ಕನೇ ಒಂದು ಭಾಗ ಆಗುತ್ತದೆ. 6 ಡೆಸಿಬಲ್ ನಷ್ಟ. ಎಲ್ಇಡಿ ಬೆಳಕೂ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ನಿಜ. ಆದರೆ ಫೋಟೋಡಯೋಡ್ ಬೆಳಕಿನ ಶಕ್ತಿಯನ್ನು ನೇರವಾಗಿ ಕರೆಂಟಾಗಿ ಬದಲಿಸುತ್ತದೆ. ಕರೆಂಟು ನಾಲ್ಕನೇ ಒಂದು ಭಾಗವಾದರೆ ವಿದ್ಯುತ್ ಸಿಗ್ನಲಿನ ಶಕ್ತಿ ಹದಿನಾರನೇ ಒಂದು ಭಾಗ. 12 ಡೆಸಿಬಲ್. ಪ್ರತಿ ಸಲ ದೂರ ಎರಡು ಪಟ್ಟಾದಾಗಲೂ ಹೀಗೆಯೇ. ಒಂದು ಮೀಟರಿನಲ್ಲಿ ಅಂದವಾಗಿ ಓಡಿದ್ದು ನಾಲ್ಕು ಮೀಟರಿನಲ್ಲಿ ಯಾಕೆ ಸತ್ತು ಹೋಯಿತು ಅಂತ ಹುಡುಗರು ತಲೆ ಕೆಡಿಸಿಕೊಳ್ಳುತ್ತಾರೆ. ಕಾರಣ ಇದೇ.

ಅದರ ಮೇಲೆ ಬಿಸಿಲು. ಆಫೀಸಿನ ಮೇಜಿನ ಮೇಲೆ 300ರಿಂದ 500 ಲಕ್ಸ್ ಬೆಳಕಿದ್ದರೆ, ನೇರ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಬಿಸಿಲು ಮಿನುಗುವುದಿಲ್ಲ, ಹಾಗಾಗಿ ಫಿಲ್ಟರ್ ಮಾಡಿ ತೆಗೆಯಬಹುದು ಅನ್ನುತ್ತಾರೆ. ಸ್ಥಿರ ಭಾಗವನ್ನು ತೆಗೆಯಬಹುದು. ಅದರ ಜೊತೆ ಬರುವ ಶಾಟ್ ನಾಯ್ಸ್, ಅಂದರೆ ಬೆಳಕಿನ ಕಣಗಳು ಹೆಚ್ಚು ಕಡಿಮೆ ಬೀಳುವುದರಿಂದ ಆಗುವ ಗದ್ದಲ, ಉಳಿಯುತ್ತದೆ. ಆಂಪ್ಲಿಫೈಯರ್ ಮೊದಲೇ ತುಂಬಿಕೊಂಡರೆ ಫಿಲ್ಟರಿನವರೆಗೆ ಮಾತೇ ಬರುವುದಿಲ್ಲ.

ವೈಫೈ ಗೋಡೆ ದಾಟುತ್ತದೆ, ಜೇಬಿನಲ್ಲಿಟ್ಟರೂ ಸಿಗುತ್ತದೆ. ಇದು ಕೈ ಅಡ್ಡ ಬಂದರೆ ನಿಲ್ಲುತ್ತದೆ. ಹಾಗಾದರೆ ಯಾರಿಗೆ ಬೇಕು?

ಪೀಣ್ಯ ಡ್ರೈವರ್:

ಟವರ್ ಸರ್ ಹೇಳಿದ 12 ಡೆಸಿಬಲ್ ಲೆಕ್ಕ ಅಪ್ಪಟ ಸತ್ಯ. ಇಸಿಇ, ನಿಮ್ಮ ರಿಪೋರ್ಟಿನ ಮೊದಲ ಪುಟದಲ್ಲೇ ಅದನ್ನು ಬರೆಯಿರಿ. ‘ಯಾರಿಗೆ ಬೇಕು’ ಅನ್ನುವುದಕ್ಕೆ ಮಾತ್ರ ನಾನು ಬೇರೆ ರೀತಿ ಹೇಳುತ್ತೇನೆ.

ಈ ವಿಷಯ ಬಂದಾಗಲೆಲ್ಲ ಜನ ದೀಪದ ಬಗ್ಗೆಯೇ ಕೇಳುತ್ತಾರೆ. ದೀಪ ಎಷ್ಟು ವೇಗ, ಯಾವ ಎಲ್ಇಡಿ, ಎಷ್ಟು ವ್ಯಾಟ್. ದೀಪ ದೊಡ್ಡ ಸಮಸ್ಯೆಯೇ ಅಲ್ಲ. ಅದು ಮೇಲೆ ಸೀಲಿಂಗಿನಲ್ಲಿದೆ, ಅದಕ್ಕೆ ಕರೆಂಟ್ ಬೇಕಾದಷ್ಟಿದೆ, ಅದು ಹೇಗಿದ್ದರೂ ಉರಿಯುತ್ತಿರುತ್ತದೆ. ಕಷ್ಟ ಇರುವುದು ಕೆಳಗೆ. ಒಂದು, ಬೆಳಕು ಹಿಡಿಯುವ ಡಯೋಡ್. ಎರಡು, ವಾಪಸ್ ದಾರಿ. ನಿಮ್ಮ ಮೊಬೈಲ್ ಸೀಲಿಂಗಿಗೆ ಉತ್ತರ ಹೇಗೆ ಕಳಿಸಬೇಕು? ಮೊಬೈಲಿನ ನೆತ್ತಿಯ ಮೇಲೆ ಪ್ರಖರವಾದ ಒಂದು ದೀಪ ಸದಾ ಮಿನುಗುತ್ತಿರಬೇಕಾ? ಕಣ್ಣಿಗೆ ಹಿಂಸೆ, ಬ್ಯಾಟರಿಗೂ ಹಿಂಸೆ. ಎಡಿನ್‌ಬರೋ ವಿಶ್ವವಿದ್ಯಾಲಯದ ಹೆರಾಲ್ಡ್ ಹಾಸ್ 2011ರಲ್ಲಿ ವೇದಿಕೆ ಮೇಲೆ ಟೇಬಲ್ ಲ್ಯಾಂಪಿನಿಂದ ವೀಡಿಯೊ ಓಡಿಸಿ ತೋರಿಸಿದರು. ಲೈಫೈ ಅನ್ನುವ ಹೆಸರು ಜಗತ್ತಿಗೆ ಗೊತ್ತಾಗಿದ್ದು ಅಲ್ಲಿಂದ. ಬೆಳಕಿಗೆ ಕೈ ಅಡ್ಡ ಹಿಡಿದರೆ ವೀಡಿಯೊ ನಿಲ್ಲುತ್ತಿತ್ತು. ಅಲ್ಲಿ ಓಡಿದ್ದು ಮೇಲಿನಿಂದ ಕೆಳಕ್ಕೆ ಬರುವ ಡೇಟಾ. ಜನ ನೋಡಿದ್ದು ಆ ಅರ್ಧವನ್ನು. ಉಳಿದರ್ಧ ಅಲ್ಲಿಂದ ಇಲ್ಲಿಯವರೆಗೂ ಇಂಜಿನಿಯರುಗಳನ್ನು ಕಾಡಿದೆ.

ಒಂದೇ ದಿಕ್ಕಿನಲ್ಲಿ ಹೇಳಿ ಮುಗಿಸುವ ಕೆಲಸಗಳಿಗೆ ಎಲ್ಇಡಿ ಬೆಳಕು ತುಂಬಾ ಒಳ್ಳೆಯದು. ಹೋಗಿ ಬರುವ ಇಂಟರ್ನೆಟ್ಟಿಗೆ ಕಾಣುವ ಬೆಳಕು ಸುಲಭಕ್ಕೆ ಒಗ್ಗುವುದಿಲ್ಲ. ನಾನು ಈ ಕ್ಷೇತ್ರವನ್ನು ನೋಡುವುದು ಹೀಗೆ.

ಶಿರಸಿ ಮೇಷ್ಟ್ರು:

ಚರ್ಚೆ ಚೆನ್ನಾಗಿದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಬೆಳಕಿನಲ್ಲಿ ಮಾತು ಕಳಿಸುವುದು ಹೊಸದಲ್ಲ ಅಂತ ಮಕ್ಕಳಿಗೆ ಹೇಳಿದಾಗ ಅವರ ಮುಖ ನೋಡಬೇಕು. ಟೆಲಿಫೋನ್ ಕಂಡುಹಿಡಿದ ಗ್ರಹಾಂ ಬೆಲ್ 1880ರಲ್ಲಿ ತನ್ನ ಸಹಾಯಕ ಟೇಂಟರ್ ಜೊತೆ ಫೋಟೋಫೋನ್ ಮಾಡಿದ. ಮಾತಾಡಿದಾಗ ಅಲುಗುವ ತೆಳು ಕನ್ನಡಿ, ಅದರ ಮೇಲೆ ಬಿಸಿಲು. ಕನ್ನಡಿ ಅಲುಗಿದಂತೆ ಬೆಳಕು ಹೆಚ್ಚು ಕಡಿಮೆ ಆಗುತ್ತದೆ. ಇನ್ನೊಂದು ತುದಿಯಲ್ಲಿ ಬೆಳಕು ಬಿದ್ದಂತೆ ರೆಸಿಸ್ಟೆನ್ಸ್ ಬದಲಾಗುವ ಸೆಲೆನಿಯಂ. ವಾಷಿಂಗ್ಟನ್ನಿನಲ್ಲಿ ಸುಮಾರು 213 ಮೀಟರ್ ದೂರಕ್ಕೆ ತಂತಿ ಇಲ್ಲದೆ ಮಾತು ಹೋಯಿತು. ರೇಡಿಯೊದಲ್ಲಿ ಮಾತು ಬರುವುದಕ್ಕೆ ಎಷ್ಟೋ ವರ್ಷ ಮೊದಲು. ಬೆಲ್ ಇದನ್ನು ಟೆಲಿಫೋನಿಗಿಂತ ದೊಡ್ಡದು ಅಂತ ಭಾವಿಸಿದ್ದ. ಮೋಡ ಬಂದರೆ ಮಾತು ನಿಲ್ಲುತ್ತಿತ್ತು, ಅದೊಂದೇ ತೊಂದರೆ.

ಟಿವಿ ರಿಮೋಟ್ ಕೂಡ ಇದೇ ತಾನೆ? 940 ನ್ಯಾನೋಮೀಟರಿನ ಇನ್ಫ್ರಾರೆಡ್ ಎಲ್ಇಡಿ, 38 ಕಿಲೋಹರ್ಟ್ಜಿನಲ್ಲಿ ಮಿನುಗುತ್ತದೆ. ಮೊಬೈಲಿನ ಸೆಲ್ಫಿ ಕ್ಯಾಮೆರಾ ಮುಂದೆ ರಿಮೋಟ್ ಒತ್ತಿದರೆ ನೇರಳೆ ಬಣ್ಣದಲ್ಲಿ ಕಾಣುತ್ತದೆ. ಅದೂ ಒಂದೇ ದಿಕ್ಕಿನ ಮಾತು, ಟಿವಿ ತಿರುಗಿ ಏನೂ ಹೇಳುವುದಿಲ್ಲ. ಪೀಣ್ಯ ಸರ್ ಹೇಳಿದ್ದಕ್ಕೆ ಹೊಂದುತ್ತದೆ ಅಲ್ವಾ?

ಹೊಸ ಬೆಳಕು ಯೋಜನೆ ಬಂದ ಮೇಲೆ ನಮ್ಮ ಕಡೆ ಹಳ್ಳಿಗಳಲ್ಲೂ ಎಲ್ಇಡಿ ಬಂತು. ಮಕ್ಕಳ ಮನೆಯಲ್ಲೇ ಇರುವ ವಸ್ತು. ತರಗತಿಯಲ್ಲಿ ಕಣ್ಣಿಗೆ, ಕಿವಿಗೆ ಸಿಗುವ ಹಾಗೆ ಏನಾದರೂ ಮಾಡಿ ತೋರಿಸಬಹುದಾ? ಸರ್ಕ್ಯೂಟ್ ಸುಲಭ ಇರಬೇಕು.

ಎಸ್‌ಪಿ ರೋಡ್ ಗಿರಾಕಿ:

ಮೇಷ್ಟ್ರೇ, ನಿಮಗೆ ಹೇಳಿ ಮಾಡಿಸಿದ ಪ್ರಯೋಗ ಒಂದಿದೆ. ಹಾಡು ಕಳಿಸಿ.

ಮೊಬೈಲಿನ ಹೆಡ್‌ಫೋನ್ ತೂತಿನಿಂದ ಬರುವ ಆಡಿಯೊವನ್ನು ಒಂದು ಕೆಪಾಸಿಟರ್ ಮೂಲಕ ಟ್ರಾನ್ಸಿಸ್ಟರಿನ ಬೇಸಿಗೆ ಕೊಡಿ. ಕಲೆಕ್ಟರಿನಲ್ಲಿ ಒಂದು ಬಿಳಿ ಎಲ್ಇಡಿ ಮತ್ತು ರೆಸಿಸ್ಟರ್. ಎಲ್ಇಡಿ ಪೂರ್ತಿ ಆರದೆ, ಪೂರ್ತಿ ಉರಿಯದೆ ಮಧ್ಯದಲ್ಲಿ ಇರುವಂತೆ ಬೇಸಿಗೆ ಬಯಾಸ್ ಇಡಿ. ಆ ಕಡೆ ಪುಟ್ಟ ಸೋಲಾರ್ ಪ್ಯಾನಲ್. ತೋಟದ ಸೋಲಾರ್ ದೀಪದಲ್ಲಿ ಇರುತ್ತದಲ್ಲ, ಅಷ್ಟು ಸಾಕು. ಅದರ ಎರಡು ತಂತಿಯನ್ನು ಒಂದು ಕೆಪಾಸಿಟರ್ ಮೂಲಕ ಆಂಪ್ಲಿಫೈಯರ್ ಇರುವ ಸ್ಪೀಕರಿಗೆ ಕೊಡಿ. ಎಲ್ಇಡಿಯನ್ನು ಪ್ಯಾನಲಿನತ್ತ ತಿರುಗಿಸಿದರೆ ಹಾಡು ಕೇಳುತ್ತದೆ. ಮಧ್ಯೆ ಕೈ ಇಟ್ಟರೆ ನಿಲ್ಲುತ್ತದೆ. ಬಾಚಣಿಗೆಯನ್ನು ಆಡಿಸಿದರೆ ಹಾಡು ತುಂಡು ತುಂಡಾಗುತ್ತದೆ. ಮಕ್ಕಳು ಬಿಡುವುದೇ ಇಲ್ಲ.

ಇನ್ನೊಂದು. ಅದೇ ಪ್ಯಾನಲನ್ನು ತರಗತಿಯ ಹಳೆಯ ಟ್ಯೂಬ್‌ಲೈಟಿನತ್ತ ಹಿಡಿಯಿರಿ. ‘ಗುಂಯ್’ ಅಂತ 100 ಹರ್ಟ್ಜಿನ ಸದ್ದು ಬರುತ್ತದೆ. ನಾವು ಸಮವಾಗಿ ಉರಿಯುತ್ತಿದೆ ಅಂದುಕೊಂಡ ದೀಪ ಮಿನುಗುತ್ತಲೇ ಇತ್ತು ಅಂತ ಅವರಿಗೇ ಕೇಳಿಸುತ್ತದೆ.

ತುಮಕೂರು ಇಸಿಇ:

ತುಂಬಾ ಧನ್ಯವಾದ ಎಲ್ಲರಿಗೂ. ಪೀಣ್ಯ ಸರ್, ನಿಮ್ಮ ಮಾತಿನ ಮೇಲೆ ಎರಡು ಪ್ರಶ್ನೆ. ಡಯೋಡ್ ಕಷ್ಟ ಅಂದಿರಿ. ದೊಡ್ಡ ಡಯೋಡ್ ಹಾಕಿದರೆ ಬೆಳಕು ಜಾಸ್ತಿ ಸಿಗುವುದಿಲ್ಲವಾ? ಮತ್ತೆ ಬಿಳಿ ಎಲ್ಇಡಿಯೇ ನಿಧಾನ, ಅದರಲ್ಲಿರುವ ಫಾಸ್ಫರ್ ಕಾರಣ ಅಂತ ಒಂದು ಕಡೆ ಓದಿದೆ. ಹಾಗಾದರೆ ದೀಪವೂ ಸಮಸ್ಯೆಯೇ ಅಲ್ವಾ?

ಪೀಣ್ಯ ಡ್ರೈವರ್:

ಒಳ್ಳೆಯ ಪ್ರಶ್ನೆ. ಫಾಸ್ಫರಿನಿಂದ ಶುರು ಮಾಡೋಣ.

ಬಿಳಿ ಎಲ್ಇಡಿಯೊಳಗೆ ಇರುವುದು ನೀಲಿ ಎಲ್ಇಡಿ. ನೀಲಿ ಎಲ್ಇಡಿಗಾಗಿ ಅಕಸಾಕಿ, ಅಮಾನೊ, ನಕಮುರಾ ಮೂವರಿಗೂ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆ ನೀಲಿ ಚಿಪ್ಪಿನ ಮೇಲೆ ಹಳದಿ ಪುಡಿಯ ಲೇಪ. ನೀಲಿಯಲ್ಲಿ ಸ್ವಲ್ಪ ಹಾಗೇ ಹೊರಬರುತ್ತದೆ, ಉಳಿದದ್ದು ಪುಡಿಗೆ ತಾಗಿ ಹಳದಿ ಆಗುತ್ತದೆ. ಎರಡೂ ಸೇರಿ ಕಣ್ಣಿಗೆ ಬಿಳಿ. ನೀಲಿ ಚಿಪ್ ಬೇಗ ಆರುತ್ತದೆ, ಹಳದಿ ಪುಡಿ ಇನ್ನೂ ಸ್ವಲ್ಪ ಹೊತ್ತು ಹೊಳೆಯುತ್ತದೆ. ಅದರಿಂದ ಒಟ್ಟು ಬೆಳಕಿನ ಬ್ಯಾಂಡ್‌ವಿಡ್ತ್, ಅಂದರೆ ಎಷ್ಟು ಬೇಗ ಮಿನುಗಿಸಬಹುದು ಅನ್ನುವ ಮಿತಿ, ಕೆಲವೇ ಮೆಗಾಹರ್ಟ್ಜಿಗೆ ಇಳಿಯುತ್ತದೆ. ಪರಿಹಾರ ಸರಳ. ರಿಸೀವರ್ ಮುಂದೆ ನೀಲಿ ಫಿಲ್ಟರ್ ಹಾಕಿ. ಹಳದಿಯನ್ನು ತಡೆದರೆ 20 ಮೆಗಾಹರ್ಟ್ಜ್ ಆಸುಪಾಸು ಸಿಗುತ್ತದೆ. ಬೆಳಕು ಕಡಿಮೆ ಆಗುತ್ತದೆ, ಆದರೆ ಉಳಿದದ್ದು ಚುರುಕಾಗಿರುತ್ತದೆ. ಮೇಲೆ ಓಎಫ್‌ಡಿಎಂ ಹಾಕಿದರೆ, ಅಂದರೆ ವೈಫೈ ಮಾಡುವ ಹಾಗೆ ಹಲವು ಸಣ್ಣ ಕ್ಯಾರಿಯರುಗಳಲ್ಲಿ ಡೇಟಾ ಹಂಚಿದರೆ, ಇಷ್ಟರಲ್ಲೇ ಸೆಕೆಂಡಿಗೆ ನೂರು ಮೆಗಾಬಿಟ್ ದಾಟಬಹುದು. ಸೀಲಿಂಗ್ ದೀಪಕ್ಕೆ ಅದು ಕಡಿಮೆಯಾ? ಅದಕ್ಕೇ ಹೇಳಿದ್ದು, ದೀಪ ದೊಡ್ಡ ಸಮಸ್ಯೆ ಅಲ್ಲ.

ಈಗ ಡಯೋಡ್. ದೊಡ್ಡದು ಹಾಕಿದರೆ ಬೆಳಕು ಜಾಸ್ತಿ ಸಿಗುತ್ತದೆ, ನಿಜ. ಆದರೆ ಅದರ ಕೆಪಾಸಿಟೆನ್ಸ್ ಕೂಡ ಮೈ ಅಗಲದಷ್ಟೇ ಬೆಳೆಯುತ್ತದೆ, ಅದು ಬೆಳೆದಷ್ಟೂ ಡಯೋಡ್ ನಿಧಾನ. ಬಿಪಿಡಬ್ಲ್ಯೂ34ಗೆ ಬಯಾಸ್ ಇಲ್ಲದಿದ್ದರೆ ಸುಮಾರು 70 ಪಿಕೋಫ್ಯಾರಡ್. ರಿವರ್ಸ್ ಬಯಾಸ್ ಕೊಟ್ಟರೆ ಅರ್ಧಕ್ಕಿಂತ ಕೆಳಗೆ ಬರುತ್ತದೆ, ಅದಕ್ಕೇ ಬಯಾಸ್ ಕೊಡುವುದು. ಸೋಲಾರ್ ಪ್ಯಾನಲ್ ಅಂದರೆ ಮೈಯೆಲ್ಲ ಡಯೋಡ್, ಹಾಗಾಗಿ ಹಾಡಿಗೆ ಸರಿ, ಮೆಗಾಬಿಟ್ಟಿಗೆ ಕಷ್ಟ. ಹಾಗಾದರೆ ಸಣ್ಣ ಡಯೋಡ್ ಇಟ್ಟು ಮುಂದೆ ಲೆನ್ಸ್ ಇಡೋಣ ಅನ್ನುತ್ತೀರಿ. ಲೆನ್ಸ್ ಇಟ್ಟರೆ ಬೆಳಕು ಸೇರುತ್ತದೆ, ಆದರೆ ನೋಟದ ಕೋನ ಕಿರಿದಾಗುತ್ತದೆ. ಮೊಬೈಲ್ ಸ್ವಲ್ಪ ಓರೆಯಾದರೂ ದೀಪ ತಪ್ಪಿ ಹೋಗುತ್ತದೆ. ಚುರುಕು, ಬೆಳಕು, ಕೋನ. ಮೂರರಲ್ಲಿ ಎರಡನ್ನು ಎಳೆದುಕೊಂಡರೆ ಮೂರನೆಯದು ಜಾರುತ್ತದೆ. ಈ ಜಗ್ಗಾಟ ತಪ್ಪಿಸಲು ಯಾವ ಬಲ್ಬಿನಿಂದಲೂ ಆಗುವುದಿಲ್ಲ.

ವಾಪಸ್ ದಾರಿಯ ಕಥೆ ಎಲ್ಲಿಗೆ ಬಂತು ನೋಡಿ. ಇಂಜಿನಿಯರುಗಳ ಸಂಸ್ಥೆ ಐಇಇಇ 2011ರಲ್ಲಿ ತಂದ 802.15.7 ಸ್ಟ್ಯಾಂಡರ್ಡ್ ಕಾಣುವ ಬೆಳಕಿಗೆಂದೇ ಬಂದದ್ದು. 2023ರಲ್ಲಿ ಬಂದ 802.11ಬಿಬಿ ವೈಫೈ ಕುಟುಂಬದ್ದೇ, 10 ಮೆಗಾಬಿಟ್ಟಿನಿಂದ 9.6 ಗಿಗಾಬಿಟ್ ತನಕ ವೇಗ. ಆದರೆ ಅದು ಆರಿಸಿಕೊಂಡಿದ್ದು 800ರಿಂದ 1000 ನ್ಯಾನೋಮೀಟರ್. ಅದು ಇನ್ಫ್ರಾರೆಡ್, ಕಣ್ಣಿಗೆ ಕಾಣುವುದಿಲ್ಲ. ಮೇಲೆ ಹೋಗುವುದೂ ಅದರಲ್ಲೇ, ಕೆಳಗೆ ಬರುವುದೂ ಅದರಲ್ಲೇ. ರಾತ್ರಿ ಲೈಟ್ ಆರಿಸಿದರೆ ನೆಟ್ ಹೋಗುತ್ತಾ ಅನ್ನುವ ಪ್ರಶ್ನೆಯೂ ಇದರಿಂದ ಮುಗಿಯಿತು. ನಮ್ಮ ಕೋಣೆಯ ಬಿಳಿ ದೀಪಕ್ಕೆ ಅಲ್ಲಿ ಪಾತ್ರವೇ ಇಲ್ಲ. ದೀಪದ ಮೇಲೆ ಪ್ರೀತಿ ಇರುವ ನನಗೆ ಇದು ಬೇಸರದ ಸಂಗತಿ. ಆದರೂ ಇಂಜಿನಿಯರಿಂಗ್ ದೃಷ್ಟಿಯಿಂದ ಅವರು ಮಾಡಿದ್ದು ಸರಿ.

ಟವರ್ ಕೆಲಸ:

802.11ಬಿಬಿ ಬಗ್ಗೆ ಒಪ್ಪಿದೆ. ಅದರಲ್ಲಿ ಜಾಣತನ ಏನೆಂದರೆ ವೈಫೈಯ ಸಿಗ್ನಲನ್ನೇ ಫ್ರೀಕ್ವೆನ್ಸಿ ಇಳಿಸಿ ಬೆಳಕಿನ ಮೇಲೆ ಕೂರಿಸುತ್ತಾರೆ. ಈಗಿರುವ ಚಿಪ್‌ಗಳೇ ಕೆಲಸಕ್ಕೆ ಬರುತ್ತವೆ. ಇನ್ನೊಂದು ಅನುಕೂಲ, ಲೈಸೆನ್ಸ್. ಅಂತಾರಾಷ್ಟ್ರೀಯ ನಿಯಮದಲ್ಲಿ ರೇಡಿಯೊ ಅಂದರೆ 3000 ಗಿಗಾಹರ್ಟ್ಜಿನವರೆಗೆ. ಬೆಳಕು ಅದಕ್ಕಿಂತ ಎಷ್ಟೋ ಮೇಲೆ. ಸ್ಪೆಕ್ಟ್ರಮ್ ಹರಾಜು ಇಲ್ಲ.

ಇಸಿಇ, ನೂರು ಪಟ್ಟು ವೇಗದ ಮಾತಿಗೂ ಉತ್ತರ ಹೇಳಿಬಿಡುತ್ತೇನೆ. ಅಂಥ ಸುದ್ದಿಗಳಲ್ಲಿ 224 ಗಿಗಾಬಿಟ್ ಅನ್ನುವ ಸಂಖ್ಯೆ ಓಡಾಡುತ್ತದೆ. ಅದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ರಯೋಗ. ಅಲ್ಲಿದ್ದದ್ದು ಕೋಣೆ ಬೆಳಗುವ ಎಲ್ಇಡಿ ಅಲ್ಲ, ಗುರಿಯಿಟ್ಟು ಬಿಟ್ಟ ಇನ್ಫ್ರಾರೆಡ್ ಲೇಸರ್ ಕಿರಣ. ದೂರ ಕೋಣೆಯೊಳಗಿನ ಕೆಲವು ಮೀಟರ್. ದೊಡ್ಡ ಸಾಧನೆ ಹೌದು, ಆದರೆ ಅದನ್ನು ಬಲ್ಬಿನ ಲೆಕ್ಕಕ್ಕೆ ಬರೆಯಬಾರದು.

ವಾರ್ಡ್ ನಂಬರ್ ಏಳು:

ನಾನು ಆಸ್ಪತ್ರೆಯೊಂದರಲ್ಲಿ ಬಯೋಮೆಡಿಕಲ್ ವಿಭಾಗದಲ್ಲಿದ್ದೇನೆ. ಲೈಫೈ ಅಂದ ಕೂಡಲೇ ‘ಆಸ್ಪತ್ರೆಗೆ ಒಳ್ಳೆಯದು’ ಅಂತ ಎಲ್ಲರೂ ಬರೆಯುತ್ತಾರೆ. ಎಲ್ಲಿ ಒಳ್ಳೆಯದು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ.

ಐಸಿಯುನಲ್ಲಿ ಈಗ ವೈಫೈ ಇದ್ದೇ ಇದೆ. ಮಾನಿಟರುಗಳು ಅದರಲ್ಲೇ ಮಾತಾಡುತ್ತವೆ. ನಮ್ಮ ನಿತ್ಯದ ಗೋಳು 2.4 ಗಿಗಾಹರ್ಟ್ಜಿನಲ್ಲಿ ಜನಸಂದಣಿ. ರೋಗಿಗಳ ಜೊತೆ ಬಂದವರ ಮೊಬೈಲ್, ಬ್ಲೂಟೂತ್, ಎಲ್ಲವೂ ಒಂದೇ ಕಡೆ. ಆ ಗದ್ದಲ ಇಳಿಸಲು ಬೆಳಕು ಸಹಾಯ ಮಾಡಬಹುದು. ಆದರೆ ಡಾಕ್ಟರು ಹಾಸಿಗೆ ಮೇಲೆ ಬಗ್ಗಿದರೆ, ಪರದೆ ಎಳೆದರೆ, ಬೆಳಕು ತಪ್ಪುತ್ತದೆ. ರೋಗಿಯ ಅಲಾರ್ಮನ್ನು ಅಂಥ ದಾರಿಯಲ್ಲಿ ಕಳಿಸಲು ನಾನು ಒಪ್ಪುವುದಿಲ್ಲ.

ಎಂಆರ್‌ಐ ಕೋಣೆ ಬೇರೆ ಮಾತು. 1.5 ಟೆಸ್ಲಾ ಯಂತ್ರ ಸುಮಾರು 64 ಮೆಗಾಹರ್ಟ್ಜಿನಲ್ಲಿ ದೇಹದಿಂದ ಬರುವ ತೀರಾ ಕ್ಷೀಣ ಸಿಗ್ನಲ್ ಕೇಳಿಸಿಕೊಳ್ಳುತ್ತದೆ. ಹೊರಗಿನ ರೇಡಿಯೊ ಒಳಗೆ ಬರದಂತೆ ಇಡೀ ಕೋಣೆಗೆ ತಾಮ್ರದಂಥ ಲೋಹದ ಹೊದಿಕೆ ಇರುತ್ತದೆ. ಅಲ್ಲಿ ಫೈಬರ್ ಮೂಲಕ ಬೆಳಕು ಒಳಗೆ ತಂದು, ಒಳಗೂ ಬೆಳಕಿನಲ್ಲೇ ಡೇಟಾ ಹರಿಸಬಹುದು. ರೇಡಿಯೊಗೆ ಬಾಗಿಲು ಮುಚ್ಚಿದ ಜಾಗ ಅದು. ಅಲ್ಲಿ ಬೆಳಕು ಬೇಕು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಕಾರವಾರ ಕಡಲು:

ನೀರಿನೊಳಗೂ ಅದೇ ಕಥೆ. 2.4 ಗಿಗಾಹರ್ಟ್ಜ್ ರೇಡಿಯೊ ಸಮುದ್ರದ ಉಪ್ಪು ನೀರಿನಲ್ಲಿ ಕೆಲವೇ ಸೆಂಟಿಮೀಟರಿಗೆ ಮುಗಿಯುತ್ತದೆ. ಶಬ್ದ ಕಿಲೋಮೀಟರುಗಟ್ಟಲೆ ಹೋಗುತ್ತದೆ, ಆದರೆ ಡೇಟಾ ವೇಗ ತೀರಾ ಕಡಿಮೆ. ನೀಲಿ-ಹಸಿರು ಎಲ್ಇಡಿ ಬೆಳಕು ತಿಳಿನೀರಿನಲ್ಲಿ ಹತ್ತಾರು ಮೀಟರ್ ಹೋಗುತ್ತದೆ, ವೀಡಿಯೊ ಕಳಿಸುವಷ್ಟು ವೇಗವಾಗಿ. ತಿಳಿನೀರು ಅನ್ನುವ ಮಾತು ಗಮನಿಸಿ. ಮಳೆಗಾಲದಲ್ಲಿ ಕಾಳಿ ನದಿ ಕೆಂಪು ನೀರು ತಂದು ಸುರಿಯುವಾಗ ನಮ್ಮ ಕಡೆ ಆ ಆಸೆ ಇಟ್ಟುಕೊಳ್ಳುವ ಹಾಗಿಲ್ಲ.

ಕೊಪ್ಪ ತೋಟ:

ಬೇರೆ ಪ್ರಶ್ನೆ ಕೇಳಬಹುದಾ? ನಮ್ಮ ಮನೆ ಕಣಿವೆಯ ಈ ಕಡೆ. ರಸ್ತೆ ಬದಿಯ ಚಿಕ್ಕಪ್ಪನ ಮನೆಗೆ ಫೈಬರ್ ಬಂದಿದೆ. ನೇರ ಕಾಣುತ್ತದೆ, ಒಂದು ಕಿಲೋಮೀಟರಿನೊಳಗೆ. ತಂತಿ ಎಳೆದರೆ ಮರ ಬಿದ್ದು ಹರಿಯುತ್ತದೆ. ಬೆಳಕಿನಲ್ಲಿ ತರಬಹುದಾ?

ಎಸ್‌ಪಿ ರೋಡ್ ಗಿರಾಕಿ:

ಮಾಡಿದವರಿದ್ದಾರೆ. ಜೆಕ್ ದೇಶದಲ್ಲಿ 2001ರ ಸುಮಾರಿಗೆ ರೋಂಜಾ ಅಂತ ಒಂದು ಸಾಧನ ಬಂತು. ಕೆಂಪು ಎಲ್ಇಡಿ, ಮುಂದೆ 13 ಸೆಂಟಿಮೀಟರ್ ಅಗಲದ ಲೆನ್ಸ್, ಒಲೆಯ ಕೊಳವೆಯಂಥ ತಗಡಿನ ಪೈಪು. ಎರಡೂ ಕಡೆ ಕಳಿಸಲು ಒಂದು, ಪಡೆಯಲು ಒಂದು. 1.4 ಕಿಲೋಮೀಟರಿನವರೆಗೆ 10 ಮೆಗಾಬಿಟ್, ಎರಡೂ ದಿಕ್ಕಿನಲ್ಲಿ ಒಟ್ಟಿಗೆ. ಡ್ರಾಯಿಂಗ್, ಸರ್ಕ್ಯೂಟ್ ಎಲ್ಲವನ್ನೂ ಯಾರು ಬೇಕಾದರೂ ಮಾಡಿಕೊಳ್ಳಲಿ ಅಂತ ತೆರೆದಿಟ್ಟರು. ಜನ ಮನೆಯಲ್ಲೇ ಬೆಸುಗೆ ಹಾಕಿ ಮಾಡಿಕೊಂಡರು. ವಾಪಸ್ ದಾರಿ ಇಲ್ಲಿ ಯಾಕೆ ಕಷ್ಟ ಆಗಲಿಲ್ಲ ಅಂದರೆ ಎರಡೂ ತುದಿ ಅಲುಗುವುದಿಲ್ಲ, ಎರಡಕ್ಕೂ ಲೆನ್ಸ್ ಇದೆ, ಎರಡಕ್ಕೂ ಕರೆಂಟ್ ಇದೆ. ಇಂಥ ಕೆಲಸ ನೋಡಿದಾಗ ನನಗೆ ಗೌರವ ಉಕ್ಕುತ್ತದೆ.

ಟವರ್ ಕೆಲಸ:

ಕೊಪ್ಪದವರೇ, ರೋಂಜಾ ಮೇಲೆ ನನಗೂ ಗೌರವ ಇದೆ. ಆದರೆ ನಿಮ್ಮ ಊರಿನ ಮಂಜು ನೆನಪಿಸಿಕೊಳ್ಳಿ. ಮಳೆಗಿಂತ ಮಂಜು ಬೆಳಕಿಗೆ ದೊಡ್ಡ ಶತ್ರು. ಮಂಜಿನ ಹನಿಗಳು ತೀರಾ ಸಣ್ಣವು, ಲೆಕ್ಕವಿಲ್ಲದಷ್ಟು, ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತವೆ. ದಟ್ಟ ಮಂಜಿನಲ್ಲಿ ಕಿಲೋಮೀಟರಿಗೆ 100 ಡೆಸಿಬಲ್‌ಗಿಂತ ಹೆಚ್ಚು ನಷ್ಟ. ಎದುರಿನ ಮನೆ ಕಣ್ಣಿಗೆ ಕಾಣದ ಹೊತ್ತಿನಲ್ಲಿ ನೆಟ್ಟೂ ಇರುವುದಿಲ್ಲ ಅಂತ ಲೆಕ್ಕ ಹಾಕಿ.

ಕಾಂಗೋ ನದಿಯ ಮೇಲೆ ಬ್ರಾಜಾವಿಲ್‌ನಿಂದ ಕಿನ್ಶಾಸಾಗೆ 4.8 ಕಿಲೋಮೀಟರ್ ಬೆಳಕಿನ ಸಂಪರ್ಕ ಕಟ್ಟಿದ್ದಾರೆ. ಆಗ ಅದು ಗೂಗಲ್‌ನ ಮಾತೃಸಂಸ್ಥೆ ಆಲ್ಫಬೆಟ್‌ನ ತಾರಾ ಯೋಜನೆ ಆಗಿತ್ತು. 20 ದಿನಗಳಲ್ಲಿ ಸುಮಾರು 700 ಟೆರಾಬೈಟ್ ಹರಿಯಿತು ಅಂತ 2021ರಲ್ಲಿ ಹೇಳಿದರು. ಆದರೆ ಅದು ಎಲ್ಇಡಿ ಅಲ್ಲ, ಲೇಸರ್. ಕನ್ನಡಿ ತಾನೇ ತಿರುಗಿ ಗುರಿ ಹಿಡಿಯುತ್ತದೆ. ನಿಮ್ಮ ತೋಟಕ್ಕೆ ಎರಡು 5 ಗಿಗಾಹರ್ಟ್ಜ್ ಡಿಶ್ ರೇಡಿಯೊ ಸಾಕು. ಮಂಜಿಗೂ ಜಗ್ಗುವುದಿಲ್ಲ, ಒಂದು ಕಿಲೋಮೀಟರಿಗೆ ಮಳೆಗೂ ಜಗ್ಗುವುದಿಲ್ಲ. ಮಧ್ಯೆ ಅಡಿಕೆ ಸೋಗೆ ಅಡ್ಡ ಬರದಂತೆ ಎತ್ತರಕ್ಕೆ ಕಟ್ಟಿ, ಸಿಡಿಲಿಗೆ ಅರ್ಥಿಂಗ್ ಮಾತ್ರ ಮರೆಯಬೇಡಿ.

ಕೊಪ್ಪ ತೋಟ:

ಸರಿ ಸರ್. ಜೂನಿನಿಂದ ಸೆಪ್ಟೆಂಬರ್ ತನಕ ಎದುರಿನ ಗುಡ್ಡವೇ ಕಾಣುವುದಿಲ್ಲ. ರೇಡಿಯೊನೇ ಹಾಕುತ್ತೇನೆ.

ತುಮಕೂರು ಇಸಿಇ:

ನಮ್ಮ ಗುಂಪಿನವರೆಲ್ಲ ಕೂತು ಇದನ್ನು ಪೂರ್ತಿ ಓದಿದೆವು. ಬಲ್ಬಿನಿಂದ ಇಂಟರ್ನೆಟ್ ಅನ್ನುವುದನ್ನು ಬಿಟ್ಟಿದ್ದೇವೆ. ಒಂದೇ ದಿಕ್ಕಿನ ಕೆಲಸಕ್ಕೆ ದೀಪ ಒಳ್ಳೆಯದು ಅಂದಿರಲ್ಲ, ಅದನ್ನೇ ಹಿಡಿಯುತ್ತೇವೆ. ಕಾಲೇಜಿನ ಲ್ಯಾಬುಗಳಲ್ಲಿ ಪ್ರತಿ ದೀಪವೂ ತನ್ನ ನಂಬರನ್ನು ಬೆಳಕಿನಲ್ಲೇ ಹೇಳುತ್ತಿರಬೇಕು. ಮೊಬೈಲ್ ಅದನ್ನು ಓದಿ ಯಾವ ಲ್ಯಾಬ್, ಯಾವ ಮೇಜು ಅಂತ ತಿಳಿಸಬೇಕು. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಧ್ವನಿಯಲ್ಲಿ ಹೇಳಬೇಕು. ಮೊಬೈಲಿಗೆ ಬೇರೆ ರಿಸೀವರ್ ಜೋಡಿಸದೆ ಇದು ಆಗುತ್ತದಾ?

ಪೀಣ್ಯ ಡ್ರೈವರ್:

ಓದಿ ತುಂಬಾ ಸಂತೋಷ ಆಯಿತು. ಆಗುತ್ತದೆ. ದೊಡ್ಡ ಮಟ್ಟದಲ್ಲಿ ಆಗಿಯೂ ಇದೆ. 2015ರಲ್ಲಿ ಫ್ರಾನ್ಸಿನ ಲಿಲ್ ಊರಿನ ಕಾರ್‌ಫೂರ್ ಅಂಗಡಿಯಲ್ಲಿ ಫಿಲಿಪ್ಸ್ ಇದನ್ನೇ ಅಳವಡಿಸಿತು. ಒಟ್ಟು 2.5 ಕಿಲೋಮೀಟರ್ ಉದ್ದದ ಎಲ್ಇಡಿ ದೀಪಗಳು. ಗ್ರಾಹಕರ ಮೊಬೈಲಿನ ಮುಂಭಾಗದ ಕ್ಯಾಮೆರಾ ಮೇಲಿನ ದೀಪವನ್ನು ನೋಡಿ ತಾನೆಲ್ಲಿದ್ದೇನೆ ಅಂತ ತಿಳಿಯುತ್ತಿತ್ತು, ಬೇಕಾದ ಸಾಮಾನಿನ ಕಡೆ ದಾರಿ ತೋರಿಸುತ್ತಿತ್ತು. ನೀವು ಕಾಲೇಜಿಗೆ, ಅದರಲ್ಲೂ ಕಣ್ಣು ಕಾಣದವರಿಗೆ ಮಾಡುತ್ತೇವೆ ಅಂದಿದ್ದು ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಬಳಕೆ.

ಕ್ಯಾಮೆರಾ ಸೆಕೆಂಡಿಗೆ 30 ಚಿತ್ರ ಮಾತ್ರ ತೆಗೆಯುತ್ತದೆ, ಆದರೆ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಸಲಕ್ಕೆ ಓದುವುದಿಲ್ಲ. ಸಾಲು ಸಾಲಾಗಿ ಓದುತ್ತದೆ. ಅದಕ್ಕೆ ರೋಲಿಂಗ್ ಶಟರ್ ಅನ್ನುತ್ತಾರೆ. ದೀಪ ಆ ಓದಿನ ಮಧ್ಯೆ ಆರಿ ಹತ್ತಿದರೆ ಚಿತ್ರದಲ್ಲಿ ಕಪ್ಪು ಬಿಳುಪು ಪಟ್ಟಿಗಳು ಬೀಳುತ್ತವೆ. ಆ ಪಟ್ಟಿಗಳೇ ನಿಮ್ಮ ಬಿಟ್‌ಗಳು. ಎಕ್ಸ್‌ಪೋಷರ್ ತೀರಾ ಕಡಿಮೆ ಇಡಿ, ಇಲ್ಲದಿದ್ದರೆ ಪಟ್ಟಿಗಳು ಕಲಸಿಹೋಗುತ್ತವೆ. ಸೆಕೆಂಡಿಗೆ ಒಂದೆರಡು ಸಾವಿರ ಬಿಟ್ ಸಿಕ್ಕಿದರೂ ದೀಪದ ನಂಬರಿಗೆ ಧಾರಾಳ.

ಬಿಟ್‌ಗಳನ್ನು ಹಾಗೇ ಕಳಿಸಬೇಡಿ. ಸೊನ್ನೆ ಜಾಸ್ತಿ ಬಂದಾಗ ದೀಪ ಮಂಕಾಗುತ್ತದೆ, ಒಂದು ಜಾಸ್ತಿ ಬಂದಾಗ ಹೊಳೆಯುತ್ತದೆ. ಮೇಜಿನಲ್ಲಿ ಕೂತವರಿಗೆ ತಲೆನೋವು. ಮ್ಯಾಂಚೆಸ್ಟರ್ ಕೋಡಿಂಗ್ ಬಳಸಿ. ಪ್ರತಿ ಬಿಟ್ಟಿಗೂ ಅರ್ಧ ಹೊತ್ತು ಉರಿ, ಅರ್ಧ ಹೊತ್ತು ಆರು. ಯಾವುದು ಮೊದಲು ಅನ್ನುವುದರಲ್ಲಿ ಸೊನ್ನೆಯೋ ಒಂದೋ ಗೊತ್ತಾಗುತ್ತದೆ. ಯಾವ ನಂಬರ್ ಕಳಿಸಿದರೂ ಸರಾಸರಿ ಬೆಳಕು ಒಂದೇ. ಏರಿಳಿತ ಸೆಕೆಂಡಿಗೆ 200 ಸಲಕ್ಕಿಂತ ಕೆಳಗೆ ಎಂದೂ ಬರಬಾರದು, 802.15.7 ಸ್ಟ್ಯಾಂಡರ್ಡ್ ಕೂಡ ಇದನ್ನೇ ಹೇಳುತ್ತದೆ. ಒಂದು ಪ್ಯಾಕೆಟ್ಟಿಗೂ ಇನ್ನೊಂದಕ್ಕೂ ನಡುವೆ ದೀಪವನ್ನು ಸುಮ್ನೆ ಉರಿಸಿಡಬೇಡಿ, ಅಲ್ಲೂ ಅದೇ ಅರ್ಧ ಅರ್ಧ ಮಿನುಗು ಇರಲಿ. ಇಲ್ಲದಿದ್ದರೆ ಆ ಖಾಲಿ ಜಾಗವೇ ಕಣ್ಣಿಗೆ ಕಾಣುತ್ತದೆ.

ವಾರ್ಡ್ ನಂಬರ್ ಏಳು:

ಕಣ್ಣು ಕಾಣದವರು ಮೊಬೈಲನ್ನು ಸದಾ ಮೇಲಕ್ಕೆ ಹಿಡಿದು ನಡೆಯಲಾರರು. ಒಂದು ಕೈಯಲ್ಲಿ ಕೋಲು ಇರುತ್ತದೆ. ಕುತ್ತಿಗೆಗೆ ನೇತು ಹಾಕಿದರೆ ಕ್ಯಾಮೆರಾ ಎದುರಿಗಿನ ಗೋಡೆ ನೋಡುತ್ತದೆ. ಶುರುವಿನಲ್ಲೇ ಅಂಥ ವಿದ್ಯಾರ್ಥಿ ಒಬ್ಬರನ್ನು ಕೇಳಿ, ಅವರು ಹೇಗೆ ಹಿಡಿಯುತ್ತಾರೆ ನೋಡಿ, ಆಮೇಲೆ ಡಿಸೈನ್ ಮಾಡಿ.

ಎಸ್‌ಪಿ ರೋಡ್ ಗಿರಾಕಿ:

ಇದು ಮುಖ್ಯವಾದ ಮಾತು. ಬಿಪಿಡಬ್ಲ್ಯೂ34 ಮತ್ತೆ ಕೆಲಸಕ್ಕೆ ಬಂತು ನೋಡಿ. ಡಯೋಡ್, ಆಪ್-ಆಂಪ್, ಬ್ಲೂಟೂತ್ ಇರುವ ಒಂದು ಸಣ್ಣ ಇಎಸ್‌ಪಿ32 ಬೋರ್ಡ್. ಎಲ್ಲವನ್ನೂ ಟೊಪ್ಪಿ ಮೇಲೋ ಹೆಗಲ ಪಟ್ಟಿ ಮೇಲೋ ಕೂರಿಸಿ. ಅದು ಸದಾ ಸೀಲಿಂಗ್ ನೋಡುತ್ತಿರುತ್ತದೆ. ಮೊಬೈಲ್ ಜೇಬಿನಲ್ಲೇ ಇರಲಿ.

ತುಮಕೂರು ಇಸಿಇ:

ನಮ್ಮ ಕಾಲೇಜಿನಲ್ಲಿ ಬಿಎ ಓದುತ್ತಿರುವ ಒಬ್ಬರಿದ್ದಾರೆ. ನಾಳೆಯೇ ಮಾತಾಡುತ್ತೇವೆ. ಕ್ಯಾಮೆರಾ ಮತ್ತು ಹೆಗಲ ಪಟ್ಟಿ ಎರಡನ್ನೂ ಮಾಡಿ, ಅವರು ಯಾವುದು ಬೇಕು ಅನ್ನುತ್ತಾರೋ ಅದು. ಎರಡು ದೀಪದ ಮಧ್ಯೆ ನಿಂತಾಗ ಎರಡೂ ನಂಬರ್ ಸೇರಿ ಬಂದರೆ ಏನು ಮಾಡಬೇಕು?

ಟವರ್ ಕೆಲಸ:

ನಮ್ಮ ಟವರುಗಳಲ್ಲೂ ಇದೇ ಸಮಸ್ಯೆ. ಪ್ರತಿ ದೀಪವೂ ಸದಾ ಕೂಗುತ್ತಿರುವುದು ಬೇಡ. ನಂಬರ್ ಕಳಿಸುವುದು ಸ್ವಲ್ಪ ಹೊತ್ತು, ಉಳಿದ ಹೊತ್ತು ಪೀಣ್ಯ ಸರ್ ಹೇಳಿದ ಅರ್ಧ ಅರ್ಧ ಮಿನುಗು. ಕಳಿಸುವ ಸಮಯವನ್ನು ಪ್ರತಿ ದೀಪವೂ ಹಿಂದು ಮುಂದು ಮಾಡುತ್ತಿರಲಿ. ಆಗ ಒಮ್ಮೆ ಡಿಕ್ಕಿಯಾದರೂ ಮುಂದಿನ ಸಲ ಬಿಡಿಬಿಡಿಯಾಗಿ ಬರುತ್ತದೆ. ಆದರೆ ಪಕ್ಕದ ದೀಪದ ಖಾಲಿ ಮಿನುಗು ನಿಮ್ಮ ಡೇಟಾ ಮೇಲೆ ಬೀಳದಂತೆ ಅದರ ಫ್ರೀಕ್ವೆನ್ಸಿಯನ್ನು ಡೇಟಾದಿಂದ ತುಂಬಾ ದೂರ, ಮೇಲೆ ಇಡಿ, ರಿಸೀವರಿನಲ್ಲಿ ಫಿಲ್ಟರ್ ಮಾಡಿ. ಪ್ರತಿ ನಂಬರಿನ ಕೊನೆಗೆ ಒಂದು ಸಿಆರ್‌ಸಿ ಬೈಟ್, ಅಂದರೆ ನಂಬರ್ ಸರಿಯಾಗಿ ಬಂತಾ ಅಂತ ತಾಳೆ ನೋಡುವ ಬೈಟ್, ಸೇರಿಸಿ. ಹೊಂದದಿದ್ದರೆ ಎಸೆಯಿರಿ. ತಪ್ಪು ಮೇಜು ಹೇಳುವುದಕ್ಕಿಂತ ಏನೂ ಹೇಳದಿರುವುದು ವಾಸಿ.

ಮತ್ತೆ ಅಳತೆ ಮಾಡಿ. ದೀಪದ ಕೆಳಗಿನಿಂದ ಅಡಿ ಅಡಿಯಾಗಿ ದೂರ ಸರಿಯುತ್ತಾ ನೂರು ಪ್ಯಾಕೆಟ್ಟಿಗೆ ಎಷ್ಟು ಸರಿಯಾಗಿ ಬಂತು ಅಂತ ಬರೆದಿಟ್ಟುಕೊಳ್ಳಿ. ಕಿಟಕಿ ತೆರೆದು ಒಮ್ಮೆ, ಪರದೆ ಎಳೆದು ಒಮ್ಮೆ. ಆ ಎರಡು ಗ್ರಾಫ್ ಇಲ್ಲಿ ಹಾಕಿ. ನನಗೆ ನೋಡಬೇಕು.